ಡಿಟೆಕ್ಟ್: ಪತ್ತೆ ಹಚ್ಚುವುದೋ, ಮೂಸಿ ನೋಡುವುದೋ?

ಎಲ್ಲರಿಗೂ ನಮಸ್ಕಾರ,

ಒಂದು ಪದ ಬೇಕಾಗಿದೆ. ನಾನು ನೋಡಿಕೊಳ್ಳುವ ಚಿಕ್ಕ ಜಾಲತಾಣಕ್ಕೆ ಕನ್ನಡದಲ್ಲಿ ಸಹಾಯಪುಟ ಬರೆಯುತ್ತಿದ್ದೇನೆ. 'ಸರ್ವರ್ ಫೈಲ್ ಟೈಪ್ ಡಿಟೆಕ್ಟ್ ಮಾಡುತ್ತದೆ' ಅನ್ನುವಲ್ಲಿ ಬಂದು ನಿಂತಿದ್ದೇನೆ.

ಆಗಿದ್ದು ಇಷ್ಟು. ಒಬ್ಬರು ಜಾತ್ರೆಯ ಫೋಟೊ ಹಾಕಲು ಹೋದರು. ಹೆಸರಿನ ಕೊನೆಯಲ್ಲಿ ಜೆಪಿಜಿ ಇದೆ, ಬ್ರೌಸರಿನಲ್ಲಿ ಚೆನ್ನಾಗೇ ತೆರೆಯುತ್ತದೆ. ನಮ್ಮ ಸರ್ವರ್ ಮಾತ್ರ 'ಈ ಬಗೆಯ ಚಿತ್ರ ನಡೆಯುವುದಿಲ್ಲ' ಅಂದಿತು. ಲಿನಕ್ಸಿನಲ್ಲಿ ಫೈಲಿನ ಬಗೆ ಹೇಳುವ 'ಫೈಲ್' ಕಮಾಂಡ್ ಕೊಟ್ಟು ನೋಡಿದರೆ ಅದು ವೆಬ್‌ಪಿ ಅನ್ನುವ ಬೇರೆ ಬಗೆಯ ಚಿತ್ರ! ಫೈಲಿನ ಬೈಟುಗಳನ್ನೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದೆ. ಮೊದಲ ನಾಲ್ಕು ಬೈಟು ಆರ್, ಐ, ಎಫ್, ಎಫ್. ಆಮೇಲೆ ನಾಲ್ಕು ಬೈಟಿನಲ್ಲಿ ಗಾತ್ರ. ಅದಾದ ಮೇಲೆ ಡಬ್ಲ್ಯು, ಇ, ಬಿ, ಪಿ. ನಿಜವಾದ ಜೆಪೆಗ್ (ಜೆಪಿಜಿ ಅಂದರೂ ಅದೇ) ಆಗಿದ್ದರೆ ಎಫ್‌ಎಫ್ ಡಿ8 ಎಫ್‌ಎಫ್ ಅಂತ ಶುರುವಾಗಬೇಕಿತ್ತು. ಯಾರೋ ಹೆಸರು ಬದಲಿಸಿದ್ದಾರೆ, ಅಷ್ಟೇ.

ಇಲ್ಲಿರುವುದು ಎರಡು ಬೇರೆ ಕೆಲಸ, ಅಲ್ವಾ? ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ತಂತ್ರಾಂಶ ಬ್ರೌಸರಿಗೆ ಚಿತ್ರ ಕಳಿಸುವಾಗ ಹೆಸರಿನ ಕೊನೆ ನೋಡಿ, ಯಾವ ಕೊನೆಗೆ ಯಾವ ಬಗೆ ಅಂತ ಬರೆದಿರುವ ತನ್ನ 'ಮೈಮ್ ಟೈಪ್ಸ್' ಪಟ್ಟಿಯಲ್ಲಿ ಹುಡುಕಿ, ಇದು ಜೆಪೆಗ್ ಅಂತ ಹೇಳಿಬಿಡುತ್ತದೆ. ಒಳಗೆ ಇಣುಕುವುದೇ ಇಲ್ಲ. ಪಿಎಚ್‌ಪಿ ಪ್ರೋಗ್ರಾಮಿಂಗ್ ಭಾಷೆಯ 'ಫೈಲ್‌ಇನ್ಫೊ' ಅನ್ನುವ ಸಲಕರಣೆ ಬೈಟುಗಳನ್ನೇ ಓದುತ್ತದೆ. ಫೋಟೊ ಸಿಕ್ಕಿಬಿದ್ದಿದ್ದು ಅಲ್ಲಿ. ಇಂಗ್ಲಿಷಿನವರಿಗೆ ಎರಡೂ ಡಿಟೆಕ್ಟೇ.

'ಪತ್ತೆ ಹಚ್ಚು' ನನಗೆ ಒಗ್ಗುತ್ತಿಲ್ಲ. ಕಳ್ಳನನ್ನೋ ಕಳೆದುಹೋದ ದನವನ್ನೋ ಪತ್ತೆ ಹಚ್ಚಬಹುದು. ಫೈಲ್ ಕಣ್ಣೆದುರೇ ಇದೆಯಲ್ಲ! 'ಗುರುತು ಹಿಡಿ' ವಾಸಿ, ಆದರೆ ಹೆಸರು ನೋಡಿ ಹಿಡಿದದ್ದೋ, ಒಳಗೆ ನೋಡಿ ಹಿಡಿದದ್ದೋ ಗೊತ್ತಾಗುವುದಿಲ್ಲ.

ಬ್ರೌಸರ್ ಹೀಗೆ ಬೈಟು ನೋಡಿ ಬಗೆ ತಿಳಿದುಕೊಳ್ಳುವುದಕ್ಕೆ ಸ್ನಿಫಿಂಗ್ ಅನ್ನುತ್ತಾರೆ. ಅದಕ್ಕೆ 'ಮೂಸಿ ನೋಡು' ಸರಿಯಾಗಿ ಕೂರುತ್ತದೆ. ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಕು ನೋಡುವುದು ಒಂದು, ಹಾಲು ಮೂಸಿ ನೋಡುವುದು ಇನ್ನೊಂದು. ತೊಡಕು ಏನೆಂದರೆ, 'ಮೂಸಿಯೂ ನೋಡಲಿಲ್ಲ' ಅಂದರೆ ನಮ್ಮಲ್ಲಿ ತಾತ್ಸಾರದ ಮಾತು. 'ಸರ್ವರ್ ನಿಮ್ಮ ಫೋಟೊ ಮೂಸಿ ನೋಡಿತು' ಅಂತ ಬರೆದರೂ ಜನ ನಗುತ್ತಾರೇನೋ.

ಹೆಸರಿನ ಕೊನೆಯ ಆ ಜೆಪಿಜಿಯಂಥ ಭಾಗಕ್ಕೆ, ಅಂದರೆ ಎಕ್ಸ್‌ಟೆನ್ಷನ್‌ಗೆ, 'ವಿಸ್ತರಣೆ' ಅಂತ ಹಲವರು ಬರೆಯುತ್ತಾರೆ. ನನಗೆ ಸಂಪುಟ ವಿಸ್ತರಣೆಯೇ ನೆನಪಾಗುತ್ತದೆ. ಸದ್ಯಕ್ಕೆ ಸುಮ್ನೆ 'ಬಾಲ' ಅಂತ ಹಾಕಿದ್ದೇನೆ: 'ಬಾಲ ಜೆಪಿಜಿ ಇದ್ದರೂ ಒಳಗಿರುವುದು ವೆಬ್‌ಪಿ.'

ಮೂಸುವುದಕ್ಕೆ ನಿಮ್ಮ ಕಡೆ ತಾತ್ಸಾರ ಸೋಂಕದ ಬೇರೆ ಮಾತು ಇದೆಯೇ?