ಅಪ್‌ಡೇಟ್: ಮಾತ್ರೆ ಬಿಟ್ಟಿದ್ದ ನನ್ನ ತಮ್ಮ

ತಮ್ಮನಿಗೆ ಸ್ಕಿಜೋಫ್ರೇನಿಯಾ, ಮಾತ್ರೆ ನುಂಗಲ್ಲ ಅಂತಾನೆ, ಏನು ಮಾಡಲಿ ಅಂತ ಹೋದ ವರ್ಷ ದಾವಣಗೆರೆಯಿಂದ ಕೇಳಿದ್ದೆನಲ್ಲ, ಅದೇ ಅಕ್ಕ ನಾನು. ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಆಮೇಲೆ ಡಾಕ್ಟರು ದಿನದ ಮಾತ್ರೆ ಬದಲು ನಾಲ್ಕು ವಾರಕ್ಕೊಮ್ಮೆ ಇಂಜೆಕ್ಷನ್ ಶುರು ಮಾಡಿದರು. "ನುಂಗಿದೆಯೇನೋ?" ಅನ್ನೋ ದಿನದ ಜಗಳ ನಿಂತಿತು. ಅದೇ ದೊಡ್ಡ ನೆಮ್ಮದಿ.

ಯಾರೂ ಮಾತಾಡದಿದ್ದರೂ ಅವನಿಗೆ ಕೇಳಿಸೋ ದನಿಗಳು ಪೂರ್ತಿ ಹೋಗಿಲ್ಲ. ಸಂಜೆ ಹೊತ್ತು "ಅಕ್ಕಾ, ಶುರುವಾಯ್ತು" ಅಂತ ಅವನೇ ಹೇಳುತ್ತಾನೆ. ಚಪ್ಪಲಿ ಮೆಟ್ಟಿಕೊಂಡು ಇಬ್ಬರೂ ಕುಂದವಾಡ ಕೆರೆ ಸುತ್ತಿ ಬರುತ್ತೇವೆ. ಎರಡು ರಾತ್ರಿ ನಿದ್ದೆ ಕೆಟ್ಟರೆ ಡಾಕ್ಟರಿಗೆ ಫೋನ್. ತೂಕ ಜಾಸ್ತಿಯಾಗಿದೆ, ಶುಗರ್ ನೋಡಿಸುತ್ತಿದ್ದೇವೆ. ಮಂಡಕ್ಕಿ ಜೊತೆ ಮಿರ್ಚಿ ಮಾತ್ರ ಬಿಡಲ್ಲ, ಪುಣ್ಯಾತ್ಮ!