ಎಂ.ಜಿ. ರಸ್ತೆ ಮೆಟ್ರೋ ಹತ್ತಿರದ ಕಚೇರಿ ಕಟ್ಟಡ: ಈ ಟ್ರಾಫಿಕ್ ರಿಪೋರ್ಟ್‌ನಲ್ಲಿ ಎಲ್ಲಿಂದ ಕೆದಕಬೇಕು?

ನಕ್ಷೆಮೇಜು:
ಎಂ.ಜಿ. ರಸ್ತೆ ಮೆಟ್ರೋ ನಿಲ್ದಾಣದಿಂದ ಸುಮಾರು 350 ಮೀಟರ್ ನಡಿಗೆಯ ಜಾಗ. 24,000 ಚ.ಮೀ. ಕಚೇರಿ, ಕೆಳಗಿನ ಎರಡು ಮಹಡಿಗಳಲ್ಲಿ 6,000 ಚ.ಮೀ. ಅಂಗಡಿ. 50 ಚ.ಮೀ.ಗೆ ಒಂದರ ಲೆಕ್ಕದಲ್ಲಿ ನೆಲಮಾಳಿಗೆಗಳಲ್ಲಿ 600 ಕಾರು. 20,000 ಚ.ಮೀ. ದಾಟಿರುವುದರಿಂದ ಪರಿಸರ ಅನುಮತಿಯೂ ಬೇಕು, ಅಲ್ಲಿ ಕಟ್ಟಡದಿಂದ ಟ್ರಾಫಿಕ್ ಮೇಲಾಗುವ ಪರಿಣಾಮದ ಈ ರಿಪೋರ್ಟ್ ಗಟ್ಟಿಯಾಗಿ ನಿಲ್ಲಬೇಕು.

ಕರಡಿನಲ್ಲಿ ಇರುವುದಿಷ್ಟು: ಅಮೆರಿಕದ ಸಾರಿಗೆ ಎಂಜಿನಿಯರ್‌ಗಳ ಸಂಸ್ಥೆ ಐಟಿಇಯ ಕೈಪಿಡಿಯಿಂದ ಕಚೇರಿಗೆ ಸಾವಿರ ಚದರ ಅಡಿಗೆ ಸಂಜೆ ಪೀಕ್‌ನಲ್ಲಿ 1.44 ಟ್ರಿಪ್, ‘ಮೆಟ್ರೋ ಹತ್ತಿರ ಇದೆ’ ಎಂದು ಅದರಲ್ಲಿ 30% ಕಡಿತ, ಹಾಲಿ ಟ್ರಾಫಿಕ್ಕಿಗೆ ವರ್ಷಕ್ಕೆ 5% ಬೆಳವಣಿಗೆ. ಕೊನೆಗೆ ಜಂಕ್ಷನ್‌ನ ವಿ/ಸಿ (ಸಾಮರ್ಥ್ಯಕ್ಕೆ ಹೋಲಿಸಿದರೆ ವಾಹನ ಎಷ್ಟು ಎಂಬ ಅನುಪಾತ) 0.91ರಿಂದ 0.94ಕ್ಕೆ ಏರಿ, ‘ಪರಿಣಾಮ ಅಲ್ಪ’ ಅಂತ ಷರಾ. ಓದುತ್ತಾ ಹೋದರೆ ಎಲ್ಲ ಸರಿಯಿದ್ದ ಹಾಗೇ ಕಾಣುತ್ತದೆ. ಎಲ್ಲಿಂದ ಹಿಡಿಯಲಿ?

ಪಿಸಿಯು_ಪಂಡಿತ:
ಮೊದಲು ಐಟಿಇ ದರ ಪಕ್ಕಕ್ಕಿಡಿ. ಅದು ವಾಹನಗಳ ದರ, ಬಹುಪಾಲು ಜನ ಕಾರಲ್ಲೇ ಬರುವ ಊರಾಚೆ ಕಚೇರಿಗಳಲ್ಲಿ ಎಣಿಸಿದ್ದು. ನಮ್ಮ ಸ್ಕೂಟರ್, ಆಟೋ ಯಾವುದಕ್ಕೂ ಅದರಲ್ಲಿ ಜಾಗವಿಲ್ಲ. ಅದರಿಂದ 30 ಕಳೆದರೂ 50 ಕಳೆದರೂ ಬೆಂಗಳೂರಿನ ಸಂಖ್ಯೆ ಹುಟ್ಟುವುದಿಲ್ಲ.

ಜನರನ್ನು ಎಣಿಸಿ, ಆಮೇಲೆ ವಾಹನಕ್ಕೆ ಬನ್ನಿ. ಕೆಳಗಿನ ಶೇಕಡಾವಾರುಗಳು ಲೆಕ್ಕದ ದಾರಿ ತೋರಿಸಲು ನಾನು ಹಿಡಿದವು, ನಿಮ್ಮ ಸರ್ವೆಯವನ್ನು ಹಾಕಿಕೊಳ್ಳಿ. 24,000ದಲ್ಲಿ ಬಳಕೆಯ ಜಾಗ 70%, ಅಂದರೆ 16,800 ಚ.ಮೀ. ತಲೆಗೆ 10 ಚ.ಮೀ. ಹಿಡಿದರೆ 1,680 ಸೀಟು. ಹಾಜರಿ 75%, 1,260 ಜನ. ಅದರಲ್ಲಿ 40% ಒಂದೇ ಗಂಟೆಯಲ್ಲಿ ಬಂದರೆ 504. ಮೆಟ್ರೋ-ಬಸ್ 45% ಅಂದರೆ 227 ಜನ. ದ್ವಿಚಕ್ರ 25%, ಗಾಡಿಗೆ 1.2 ಜನರಂತೆ 105 ಗಾಡಿ. ಕಾರು 15%, 1.3ರಂತೆ 58. ಕ್ಯಾಬ್-ಆಟೋ 10%, ಅದೇ 1.3ರಂತೆ 39. ಉಳಿದವರು ನಡೆದು ಬರುವವರು. ಕ್ಯಾಬ್ ಜನರನ್ನು ಇಳಿಸಿ ವಾಪಸ್ ಹೋಗುತ್ತದಲ್ಲ, ಹಾಗಾಗಿ ರಸ್ತೆಯ ಲೆಕ್ಕದಲ್ಲಿ 39 ಒಳಗೆ, 39 ಹೊರಗೆ. ಬಹಳ ರಿಪೋರ್ಟ್‌ಗಳು ಇದನ್ನೇ ಮರೆಯುತ್ತವೆ. ಅಂಗಡಿಗಳ ಪೀಕ್ ಸಂಜೆ, ಅದನ್ನು ಬೇರೆಯೇ ಮಾಡಿ.

ಈಗ ಅಸಲಿ ಪ್ರಶ್ನೆ. ಇದೇ ಹಂಚಿಕೆಯಲ್ಲಿ ದಿನಕ್ಕೆ ಬರುವ ಕಚೇರಿ ಕಾರು ಎಷ್ಟು? 1,260ರ 15% ಅಂದರೆ 189 ಜನ, 145 ಕಾರು. ನಿಮ್ಮ 600ರಲ್ಲಿ ಕಚೇರಿ ಪಾಲು 480. ರಿಪೋರ್ಟ್ ‘ಜನ ಮೆಟ್ರೋದಲ್ಲಿ ಬರ್ತಾರೆ’ ಅನ್ನುತ್ತದೆ, ನೆಲಮಾಳಿಗೆ ‘ಕಾರು ತನ್ನಿ, ಜಾಗ ಇದೆ’ ಅನ್ನುತ್ತದೆ. ಎರಡರಲ್ಲಿ ಒಂದು ಸುಳ್ಳು. ಸುಲಭದ ಪಾರ್ಕಿಂಗ್ ಇದ್ದರೆ ತುಂಬುತ್ತದೆ ಎಂದೇ ಹಿಡಿಯಿರಿ: 480ರ 40% ಅಂದರೆ ಪೀಕ್ ಗಂಟೆಗೆ 58ರ ಬದಲು 192 ಕಾರು. ರಿಪೋರ್ಟ್‌ನಲ್ಲಿ ಎರಡೂ ಸನ್ನಿವೇಶ ಓಡಿಸಿ ತೋರಿಸಲಿ. ಪಾರ್ಕಿಂಗ್ ಅಷ್ಟೇ ಕಟ್ಟುವುದಾದರೆ ಬಾಡಿಗೆಯಿಂದ ಬೇರ್ಪಡಿಸಿ ದುಡ್ಡಿಗೆ ಕೊಡುವ ಷರತ್ತಾದರೂ ಇರಲಿ.

ಸ್ಟಾಪ್‌ಲೈನ್:
ವಿ/ಸಿ 0.91 ಅಂದಿದ್ದಾರಲ್ಲ, ವಾಹನ ಎಣಿಸಿದ್ದು ಎಲ್ಲಿ ನಿಂತು? ಸ್ಟಾಪ್ ಲೈನಿನಲ್ಲಾದರೆ ಅದು ಡಿಮ್ಯಾಂಡೇ (ದಾಟಲು ಬಂದ ವಾಹನಗಳ ಲೆಕ್ಕವೇ) ಅಲ್ಲ, ಸಿಗ್ನಲ್ ಬಿಟ್ಟ ವಾಹನಗಳ ಲೆಕ್ಕ. ತುಂಬಿದ ಜಂಕ್ಷನ್‌ನಲ್ಲಿ ಹಿಂದೆ ಅರ್ಧ ಕಿಲೋಮೀಟರ್ ಕ್ಯೂ ಇದ್ದರೂ ಆಚೆ ಹೋಗುವುದು ಅಷ್ಟೇ. ಹಾಗೆ ಎಣಿಸಿದರೆ ವಿ/ಸಿ 1 ದಾಟುವುದು ಸಾಧ್ಯವೇ ಇಲ್ಲ. ಪ್ರತಿ 15 ನಿಮಿಷದ ಮೊದಲಿಗೂ ಕೊನೆಗೂ ಕ್ಯೂ ಅಳೆಯಬೇಕು. ಉದಾಹರಣೆಗೆ 420 ವಾಹನ ದಾಟಿ, ಕ್ಯೂ 30ರಿಂದ 75ಕ್ಕೆ ಬೆಳೆದಿದ್ದರೆ ಡಿಮ್ಯಾಂಡ್ 465.

ಪಿಸಿಯು ಕೋಷ್ಟಕವನ್ನೂ ನೋಡಿ, ಅಂದರೆ ಒಂದೊಂದು ವಾಹನ ಎಷ್ಟು ಕಾರಿಗೆ ಸಮ ಎಂಬ ಪಟ್ಟಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 106ರಲ್ಲಿ ದ್ವಿಚಕ್ರದ ಪಾಲು 10% ಮೀರಿದರೆ 0.75; ಭಾರತದ ರಸ್ತೆ ಸಾಮರ್ಥ್ಯದ ಕೈಪಿಡಿ ಇಂಡೋ-ಎಚ್‌ಸಿಎಂ 2017ರಲ್ಲಿ ಸಿಗ್ನಲ್‌ಗೆ 0.4. ವಾಹನಗಳನ್ನು 0.4ರಲ್ಲಿ ಎಣಿಸಿ, ರಸ್ತೆಯ ಸಾಮರ್ಥ್ಯ ಮಾತ್ರ 106ರಿಂದ ತಂದರೆ ಸ್ಕೂಟರ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧ ಕಾಗದದ ಮೇಲೇ ಮಾಯ.

ಎಣಿಕೆಯ ತಾರೀಖು ಕೇಳಿ. ಮೆಟ್ರೋದ ಗುಲಾಬಿ ಮಾರ್ಗದ ಕೆಲಸಕ್ಕೆ ಕಾಮರಾಜ್ ರಸ್ತೆ 2019ರಿಂದ ವರ್ಷಗಟ್ಟಲೆ ಮುಚ್ಚಿತ್ತು. ಆಗಿನ ಎಣಿಕೆಯಾದರೆ ಅದರ ಹೊರೆ ಅಕ್ಕಪಕ್ಕದ ರಸ್ತೆಗಳ ಮೇಲೆ ಕೂತಿರುತ್ತದೆ. ಮಂಗಳವಾರದಿಂದ ಗುರುವಾರದೊಳಗೆ, ಶಾಲೆ ನಡೆಯುವ ದಿನ ಆಗಿರಬೇಕು. ತುಂಬಿದ ರಸ್ತೆಗೆ 5% ಬೆಳವಣಿಗೆ ಅನ್ನುವುದು ಶಾಸ್ತ್ರಕ್ಕೆ ಮಾಡುವ ಗುಣಾಕಾರ. ಪೀಕ್ ಗಂಟೆ ಬೆಳೆಯುವುದಿಲ್ಲ, ಅಕ್ಕಪಕ್ಕದ ಗಂಟೆಗಳಿಗೆ ಹರಡುತ್ತದೆ. ಇನ್ನೊಂದು: ಆ ಸುತ್ತಿನ ಒಮ್ಮುಖ ರಸ್ತೆಗಳಿಂದ ಒಂದೇ ಗಾಡಿ ಒಂದೇ ಜಂಕ್ಷನ್ನನ್ನು ಎರಡು ಸಲ ದಾಟಬಹುದು. ವಾಹನಗಳು ಯಾವ ರಸ್ತೆ ಹಿಡಿಯುತ್ತವೆ ಎಂಬ ಹಂಚಿಕೆಯ ನಕ್ಷೆಯಲ್ಲಿ ಬೆರಳಿಟ್ಟು ಸುತ್ತಿ ನೋಡಿ.

ಬೂಮ್‌ಗೇಟ್:
ಜಂಕ್ಷನ್ ಆಮೇಲೆ, ರಸ್ತೆ ಮೊದಲು ಕೆಡುವುದು ನಿಮ್ಮ ಗೇಟಿನಲ್ಲಿ. ಮೇಲಿನ ಲೆಕ್ಕದ 58 ಕಾರು, 39 ಕ್ಯಾಬ್ ಸೇರಿ ಗಂಟೆಗೆ 97. ಡಿಕ್ಕಿ ತೆಗೆಸಿ, ಅಡಿಯಲ್ಲಿ ಕನ್ನಡಿ ಹಾಯಿಸಿ ನೋಡುವ ತಪಾಸಣೆಗೆ 30 ಸೆಕೆಂಡ್ ಹಿಡಿದರೆ ಒಂದು ಲೇನ್ ನುಂಗುವುದು ಗಂಟೆಗೆ 120. ಅನುಪಾತ 0.81. ಸರಾಸರಿಯಲ್ಲಿ ಕಾಯುವವರು ಮೂರೋ ನಾಲ್ಕೋ, ನೋಡಲು ಪಾಪದ ಸಂಖ್ಯೆ. ಆದರೆ ವಿನ್ಯಾಸ ಮಾಡಬೇಕಾದ್ದು 95% ಕ್ಯೂಗೆ, ಅಂದರೆ ನೂರರಲ್ಲಿ 95 ಹೊತ್ತು ಮೀರದ ಉದ್ದಕ್ಕೆ, ಅದು 13-14 ವಾಹನ. ವಾಹನಕ್ಕೆ 6 ಮೀಟರ್‌ನಂತೆ ಸುಮಾರು 80 ಮೀಟರ್, ಪೂರ್ತಿ ರಸ್ತೆಯ ಮೇಲೆ. ತಪಾಸಣೆಯನ್ನು ಎರಡು ಲೇನ್ ಮಾಡಿದರೆ ಲೇನಿಗೆ ಮೂರು ವಾಹನಕ್ಕೆ ಇಳಿಯುತ್ತದೆ, 18 ಮೀಟರ್ ಸಾಕು. ಬೂಮನ್ನು (ಗೇಟಿನ ಅಡ್ಡಗೋಲನ್ನು) ಕಾಂಪೌಂಡ್ ಗೆರೆಯಿಂದ ಅಷ್ಟು ಒಳಕ್ಕೆ ತಳ್ಳಿ. ಪಂಡಿತರ 192ರ ಸನ್ನಿವೇಶದಲ್ಲಿ ಕ್ಯಾಬ್ ಸೇರಿ 231 ಆಗುತ್ತದೆ, ಎರಡು ಲೇನೂ ಉಸಿರುಗಟ್ಟುತ್ತವೆ.

ಸಂಜೆ ಪಿಕಪ್‌ಗೆ ಕ್ಯಾಬ್ 5 ನಿಮಿಷ ಕಾಯುತ್ತದೆ ಎನ್ನಿ. ಗಂಟೆಗೆ 39 ಅಂದರೆ ಸರಾಸರಿ 3.25 ನಿಂತಿರುತ್ತವೆ, 95%ಗೆ 6 ಜಾಗ ಬೇಕು. ಒಳಗೆ ಕೊಡದಿದ್ದರೆ ಅವು ಬಸ್ ನಿಲ್ದಾಣದಲ್ಲೇ ನಿಲ್ಲುತ್ತವೆ, ಬಸ್ಸು ರಸ್ತೆ ಮಧ್ಯೆ ನಿಲ್ಲುತ್ತದೆ. ಅಂಗಡಿಗಳ ಸರಕು ಲಾರಿಗೂ ಒಳಗೇ ತಿರುಗುವ ಜಾಗ ಬೇಕು, ರಿವರ್ಸ್‌ನಲ್ಲಿ ರಸ್ತೆಗೆ ಬರುವ ಹಾಗಿರಬಾರದು.

ನಕ್ಷೆಮೇಜು:
ಗೇಟ್ ಈಗ ಗೆರೆಯ ಮೇಲೇ ಇದೆ, ಹಿಂದಕ್ಕೆ ಹಾಕುತ್ತೇವೆ. ಮೆಟ್ರೋ-ಬಸ್ 45% ಅಂತ ಬರೆದರೆ ಸಮರ್ಥಿಸಿಕೊಳ್ಳುವುದು ಹೇಗೆ?

ಕಾಲುದಾರಿ:
ಹತ್ತಿರದಲ್ಲಿ ಅಷ್ಟೇ ನಡಿಗೆ ದೂರದ ಎರಡು ಮೂರು ಕಚೇರಿ ಕಟ್ಟಡ ಆರಿಸಿ, ಬಾಗಿಲಲ್ಲಿ ನಿಂತು ಎರಡು ದಿನ ‘ಹೇಗೆ ಬಂದಿರಿ’ ಅಂತ ಕೇಳಿಸಿ. ಪಾರ್ಕಿಂಗ್ ಎಷ್ಟಿದೆ ಅಂತಲೂ ಬರೆದುಕೊಳ್ಳಿ, ಅದಿಲ್ಲದೆ ಹೋಲಿಕೆಗೆ ಬೆಲೆಯಿಲ್ಲ. ಎಂ.ಜಿ. ರಸ್ತೆ ಮುಂದೆ ನೇರಳೆ-ಗುಲಾಬಿ ಕೂಡುವ ನಿಲ್ದಾಣ, ಹಾಗಂತ ಗುಲಾಬಿಯ ಲಾಭವನ್ನು ಮೂಲ ಲೆಕ್ಕಕ್ಕೆ ಸೇರಿಸಬೇಡಿ, ಪ್ರತ್ಯೇಕ ಸನ್ನಿವೇಶವಾಗಿ ತೋರಿಸಿ.

ಆಮೇಲೆ ಆ 350 ಮೀಟರನ್ನು ಟೇಪ್ ಹಿಡಿದು ನಡೆಯಿರಿ. ಗಂಟೆಗೆ 227 ಜನ ಒಳ್ಳೆಯ ಫುಟ್‌ಪಾತಿಗೆ ಏನೂ ಅಲ್ಲ, ಸಿಕ್ಕಿಕೊಳ್ಳುವುದು ಇಕ್ಕಟ್ಟಿನ ಒಂದೆರಡು ಜಾಗದಲ್ಲಿ. ಐಆರ್‌ಸಿ 103 ವಾಣಿಜ್ಯ ರಸ್ತೆಗೆ ಕನಿಷ್ಠ 2.5 ಮೀಟರ್ ಕೇಳುತ್ತದೆ, ಅಂಗಡಿ ಮುಂಗಟ್ಟಿಗೆ 3.5ರಿಂದ 4.5. ಇದು ಮರ, ಕಂಬ, ಟ್ರಾನ್ಸ್‌ಫಾರ್ಮರ್ ಕಳೆದು ಉಳಿದ ಅಗಲ. ರಿಪೋರ್ಟ್‌ಗಳಲ್ಲಿ ಗೋಡೆಯಿಂದ ಕರ್ಬ್‌ವರೆಗೆ ಅಳೆದು ಸರಾಸರಿ ಬರೆದಿರುತ್ತಾರೆ. ಅತಿ ಕಿರಿದಾದ ಜಾಗದ ಅಳತೆ ಬರೆಯಿಸಿ.

ರಸ್ತೆ ದಾಟುವುದಿದ್ದರೆ 15 ಮೀಟರ್ ಅಗಲಕ್ಕೆ ಸೆಕೆಂಡಿಗೆ 1.2 ಮೀಟರ್ ನಡಿಗೆಯಲ್ಲಿ 12.5 ಸೆಕೆಂಡ್ ಬರೀ ದಾಟಲು ಬೇಕು, ಹೆಜ್ಜೆ ಇಡಲು ಕೊಡುವ ಹಸಿರು ದೀಪದ ಸಮಯ ಅದರ ಮೇಲೆ. ಜಂಕ್ಷನ್ ಸುಧಾರಣೆ ಅಂತ ಹೇಳಿ ಅದರಲ್ಲೇ ಕಡಿತ ಮಾಡಿದ್ದಾರಾ ನೋಡಿ. ನಿಮ್ಮ ಗೇಟಿನ ಮುಂದೆ ಫುಟ್‌ಪಾತ್ ಇಳಿಯಬಾರದು, ಅದೇ ಮಟ್ಟದಲ್ಲಿ ಮುಂದುವರಿಯಲಿ, ಕಾರು ಹತ್ತಿ ಇಳಿಯಲಿ.

ನಕ್ಷೆಮೇಜು:
ಅಳೆಸಿದೆ. ರಿಪೋರ್ಟ್‌ನಲ್ಲಿ 2.6, ಟ್ರಾನ್ಸ್‌ಫಾರ್ಮರ್ ಬೇಲಿಯ ಪಕ್ಕದಲ್ಲಿ ಟೇಪ್ ತೋರಿಸಿದ್ದು 1.1. ಕಟ್ಟಡದ ಮುಂದೆ ಬಿಟ್ಟಿರುವ ಖಾಲಿ ಜಾಗದಿಂದ (ಸೆಟ್‌ಬ್ಯಾಕ್) ಅಲ್ಲಿ 1.5 ಬಿಟ್ಟುಕೊಡುವ ನಕ್ಷೆ ಹಾಕುತ್ತಿದ್ದೇವೆ. ಕಚೇರಿ ಪಾರ್ಕಿಂಗಿಗೆ ಎರಡೂ ಸನ್ನಿವೇಶ ಓಡಿಸಿಕೊಂಡು ಬರಲು ಕರಡು ವಾಪಸ್ ಹೋಗಿದೆ.