ಪದಚರ್ಚೆ: ಮೂಗಿನ ಮೂಲಕ ಮಾಡುವ ಆಪರೇಷನ್ನಿನ ರಕ್ತನಾಳಗಳಿಗೆ ಕನ್ನಡ ಹೆಸರು ಬೇಕು, ತುರ್ತು

ಎಲ್ಲರಿಗೂ ನಮಸ್ಕಾರ. ರೋಗಿಗಳ ಒಪ್ಪಿಗೆ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಮೂಗಿನೊಳಗಿಂದ ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಹಾಕಿ, ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ತೆಗೆಯುವ ಆಪರೇಷನ್. ಅಪಾಯಗಳ ಸಾಲಿನಲ್ಲಿ ಇಂಟರ್ನಲ್ ಕೆರೋಟಿಡ್, ಸ್ಫೀನೋಪ್ಯಾಲಟೈನ್ ಅಂತ ಎರಡು ಆರ್ಟರಿಗಳು ಬರುತ್ತವೆ. ಆರ್ಟರಿಗೆ ‘ಅಪಧಮನಿ’ ಅಂತ ಎರಡಕ್ಕೂ ಸೇರಿಸಿ ಬಿಡಲೇ?

*

ಬೇಡ. ಅಪಧಮನಿ ಕನ್ನಡವೇ ಅಲ್ಲ. ತೊರೆಗೊಳವೆ ಅನ್ನಿ. ಮೊದಲನೆಯದು ಒಳಕೊರಳ ತೊರೆಗೊಳವೆ. ಸ್ಫೀನ್ ಅಂದರೆ ಗ್ರೀಕಿನಲ್ಲಿ ಬೆಣೆ. ನಮ್ಮಲ್ಲಿ ಬೆಣೆಯೂ ಇದೆ, ಅಂಗುಳವೂ ಇದೆ. ಎರಡನೆಯದು ಬೆಣೆಯಂಗುಳ ತೊರೆಗೊಳವೆ. ಮುಗಿಯಿತು.

*

ಮುಗಿದಿಲ್ಲ ಸ್ವಾಮಿ. ಕಿವಿ ಮೂಗು ಗಂಟಲು ವಿಭಾಗದವಳಾಗಿ ಹೇಳುತ್ತೇನೆ, ಈ ಎರಡೂ ಒಂದೇ ಥರದ ಅಪಾಯವಲ್ಲ. ಪತ್ರದಲ್ಲಿ ಗೊತ್ತಾಗಬೇಕಾದ್ದು ಅದೇ.

ಸ್ಫೀನೋಪ್ಯಾಲಟೈನ್ ಮೂಗಿನ ಹಿಂಭಾಗದಲ್ಲಿ, ಪಕ್ಕದ ಗೋಡೆಯ ಸಣ್ಣ ಕಿಂಡಿಯಿಂದ ಒಳಗೆ ಬರುತ್ತದೆ. ರಕ್ತ ಸುರಿದರೆ ಸುಟ್ಟೋ ಕ್ಲಿಪ್ ಹಾಕಿಯೋ ನಿಲ್ಲಿಸಬಹುದು. ಅದರ ಒಂದು ಕವಲು ಸ್ಫೀನಾಯ್ಡ್ ಸೈನಸ್ಸಿನ (ಮೂಗಿನ ಹಿಂದೆ ಮೂಳೆಯೊಳಗಿರುವ ಗಾಳಿಗೂಡು) ಬಾಯಿಯ ಕೆಳಗೆ ಹಾದು ಮೂಗಿನ ನಡುಗೋಡೆಗೆ ಹೋಗುತ್ತದೆ. ಆ ಕವಲನ್ನು ಜೋಪಾನ ಮಾಡಬೇಕು. ಕೊನೆಯಲ್ಲಿ ತಲೆಬುರುಡೆಯ ತಳದ ತೂತು ಮುಚ್ಚಲು, ಮಿದುಳಿನ ನೀರು ಮೂಗಿಗೆ ಸೋರದಿರಲು, ನಡುಗೋಡೆಯ ಪೊರೆಯನ್ನೇ ಎಬ್ಬಿಸಿ ಹೊದಿಸುತ್ತಾರೆ. 2006ರಲ್ಲಿ ಪ್ರಕಟವಾದ ವಿಧಾನ ಅದು. ಎಬ್ಬಿಸಿದ ಪೊರೆ ಬದುಕುವುದು ಈ ಕವಲಿನ ರಕ್ತದಿಂದ.

ಕೆರೋಟಿಡ್ ಕತೆಯೇ ಬೇರೆ. ಪಿಟ್ಯುಟರಿಯ ಎಡಕ್ಕೊಂದು, ಬಲಕ್ಕೊಂದು. ಹೋಗುವುದು ಮಿದುಳಿಗೆ. ಅದೇ ಸ್ಫೀನಾಯ್ಡ್ ಸೈನಸ್ಸಿನ ಪಕ್ಕದ ಗೋಡೆಯಲ್ಲಿ ಉಬ್ಬಾಗಿ ಕಾಣುತ್ತದೆ. ಅದರ ಮೇಲಿನ ಮೂಳೆ ತುಂಬ ತೆಳು, ಕೆಲವರಲ್ಲಿ ಅಲ್ಲಲ್ಲಿ ಮೂಳೆಯೇ ಇರುವುದಿಲ್ಲ. ಪೆಟ್ಟಾದರೆ ಪಾರ್ಶ್ವವಾಯು ಆಗಬಹುದು, ಜೀವವೂ ಹೋಗಬಹುದು.

ಹಾಗಾಗಿ ‘ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ’, ‘ಮೂಗಿನ ಹಿಂಭಾಗಕ್ಕೆ ರಕ್ತ ತರುವ ನಾಳ’ ಅಂತ ಬರೆಯಿರಿ. ಪಕ್ಕದಲ್ಲಿ ಕೆರೋಟಿಡ್, ಸ್ಫೀನೋಪ್ಯಾಲಟೈನ್ ಇರಲಿ. ರೋಗಿ ಬೇರೆ ಡಾಕ್ಟರ ಹತ್ತಿರ ಹೋದರೆ ಆ ಹೆಸರೇ ಬೇಕಾಗುತ್ತದೆ.

*

ಅಪಧಮನಿಯನ್ನು ಸುಮ್ನೆ ಯಾಕೆ ಓಡಿಸುತ್ತೀರಿ? ‘ಅಪ’ ಅಂದರೆ ಆಚೆಗೆ. ಹೃದಯದಿಂದ ಆಚೆಗೆ ಹೋಗುವುದು ಅಪಧಮನಿ, ಹೃದಯದ ಕಡೆಗೆ ಬರುವುದು ಅಭಿಧಮನಿ. ಧಮ್ ಧಾತುವಿಗೆ ಊದು ಎಂದರ್ಥ. ಹಳೆಯ ಗ್ರೀಕರೂ ಈ ನಾಳದಲ್ಲಿ ಗಾಳಿ ಇದೆ ಅಂದುಕೊಂಡಿದ್ದರು. ಶಾಲೆಯ ಮಕ್ಕಳು ಓದುವ ಪದ ಇದು.

*

ಪರೀಕ್ಷೆ ಮುಗಿದ ಮಾರನೇ ದಿನವೇ ಮಕ್ಕಳಿಗೆ ಅಪ ಯಾವುದು, ಅಭಿ ಯಾವುದು ಅಂತ ಮರೆತಿರುತ್ತದೆ. ಎರವಲು ಪದದ ಹಣೆಬರಹ ಇಷ್ಟೇ. ಡಾಕ್ಟರೇ, ನಿಮ್ಮ ‘ರಕ್ತ’ವೂ ಎರವಲೇ. ನೆತ್ತರು ಅನ್ನಿ.

*

ನೆತ್ತರು ಒಳ್ಳೆಯ ಪದ. ಆದರೆ ವಾರ್ಡಿನಲ್ಲಿ ‘ರಕ್ತ ಪರೀಕ್ಷೆ’ ಅಂದರೆ ಓದು ಬರದ ಅಜ್ಜಿಯೂ ರವಿಕೆಯ ತೋಳು ಮಡಿಸಿ ಕೈ ಚಾಚುತ್ತಾರೆ. ಇನ್ಯಾವ ಕನ್ನಡ ಬೇಕು?

*

ಡಾಕ್ಟರ್ ಮೇಡಂ, ನೀವು ಹೇಳಿದ ಹಾಗೆ ಹಾಕಿದ್ದೇನೆ. ಇನ್ನೊಂದು ಉಳಿದಿದೆ: ಆಂಟೀರಿಯರ್ ಎತ್ಮಾಯ್ಡಲ್. ಕಣ್ಣಿನ ಗೂಡಿನಿಂದ ಮೂಗಿನ ಚಾವಣಿಗೆ ಬರುವುದು, ತುಂಡಾದರೆ ಗೂಡಿನೊಳಕ್ಕೆ ಜಗ್ಗಿಕೊಂಡು ಅಲ್ಲೇ ರಕ್ತ ಕಟ್ಟಬಹುದು ಎಂದಿದೆ. ‘ಕಣ್ಣಿನ ಗೂಡಿನಿಂದ ಮೂಗಿಗೆ ಬರುವ ಸಣ್ಣ ನಾಳ’ ಸಾಕೇ? ರಾತ್ರಿ ಹನ್ನೊಂದರವರೆಗೆ ಕಾಯುತ್ತೇನೆ.